ಗೋದಾಮಿನ ಬಿಸಿ ಎಲ್ಲಿ ಸೋರುತ್ತದೆ

ಇಂಗ್ಲೆಂಡಿನ ನಡುಭಾಗದಲ್ಲಿ ಎಂ1, ಎಂ6, ಎಂ69 ಎಂಬ ಮೂರು ಹೆದ್ದಾರಿಗಳು ಬಳಸಿ ಹೋಗುವ ಸೀಮೆಯೊಂದಿದೆ. ಸರಕು ಸಾಗಣೆಯವರು ಅದನ್ನು ‘ಗೋಲ್ಡನ್ ಟ್ರಯಾಂಗಲ್’ ಎಂದು ಕರೆಯುತ್ತಾರೆ. ಇಲ್ಲಿಂದ ಹೊರಟ ಲಾರಿ ನಾಲ್ಕು ಗಂಟೆಯೊಳಗೆ ಬ್ರಿಟನ್ನಿನ ಬಹುಪಾಲು ಜನರ ಊರುಗಳನ್ನು ಮುಟ್ಟುತ್ತದೆ. ಅದಕ್ಕೇ ಈ ಭಾಗದ ಹೊಲ, ಹುಲ್ಲುಗಾವಲುಗಳ ನಡುವೆ ಕಿಟಕಿಯಿಲ್ಲದ ದೈತ್ಯ ಗೋದಾಮುಗಳು ಸಾಲುಗಟ್ಟಿ ನಿಂತಿವೆ. ಲಟರ್‌ವರ್ತ್ ಪಟ್ಟಣದ ಪಕ್ಕದ ಮ್ಯಾಗ್ನಾ ಪಾರ್ಕ್ ಮೊದಲು ಬಿಟ್ಸ್‌ವೆಲ್ ವಿಮಾನ ನಿಲ್ದಾಣವಾಗಿತ್ತು. 1980ರ ದಶಕದ ಕೊನೆಯಿಂದ ಅಲ್ಲಿ ಗೋದಾಮುಗಳದೇ ಊರು. ಜನವರಿಯಲ್ಲಿ ಇಲ್ಲಿಯ ಸರಾಸರಿ ಉಷ್ಣಾಂಶ ನಾಲ್ಕೈದು ಡಿಗ್ರಿ ಸೆಲ್ಸಿಯಸ್. ಹಲವು ಬೆಳಗಿನ ಜಾವ ಅದು ಸೊನ್ನೆಗೆ ಇಳಿಯುತ್ತದೆ. ಆ ಹೊತ್ತಿನಲ್ಲೂ ಒಳಗೆ ಜನ ರಟ್ಟಿನ ಡಬ್ಬ ಎತ್ತುತ್ತ, ಇಳಿಸುತ್ತ, ಟೇಪು ಸುತ್ತುತ್ತ ಕೆಲಸ ಮಾಡುತ್ತಿರುತ್ತಾರೆ.

ಅವರನ್ನು ಬೆಚ್ಚಗಿಡುವುದು ಹೇಗೆ? ‘ಇನ್ನೊಂದು ದೊಡ್ಡ ಹೀಟರ್ ಹಾಕಿಸಿದರಾಯಿತು’ ಎನ್ನುವುದು ಮೊದಲು ಹೊಳೆಯುವ ಉತ್ತರ. ಬಹಳ ಸಲ ದುಡ್ಡು ದಂಡವಾಗುವುದೂ ಇದೇ ಉತ್ತರದಿಂದ. ಚಳಿಗಾಲದಲ್ಲಿ ಮನೆಯವರು ಬಾಗಿಲು ಮುಚ್ಚಿ ಕೂರುತ್ತಾರೆ. ಗೋದಾಮಿಗೆ ಆ ಅನುಕೂಲವಿಲ್ಲ. ಬಾಗಿಲು ತೆರೆಯುವುದೇ ಅದರ ವ್ಯಾಪಾರ. ಡಿಸೆಂಬರಿನ ಹಬ್ಬದ ಖರೀದಿಯ ಭರಾಟೆಯಲ್ಲಂತೂ ಲಾರಿಗಳ ಸಾಲು ಕರಗುವುದೇ ಇಲ್ಲ. ವರ್ಷದ ಕೊರೆಯುವ ಚಳಿಯೂ ಅದೇ ತಿಂಗಳಿಂದ ಶುರು.

ಲೆಕ್ಕವನ್ನೇ ಹಾಕಿ ನೋಡಬಹುದು. ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ಹತ್ತು ಮೀಟರ್ ಎತ್ತರದ ಗೋದಾಮು ಎಂದುಕೊಳ್ಳೋಣ. ಇಂದಿನ ದಿನಮಾನಕ್ಕೆ ಇದು ಸಾಧಾರಣ ಗಾತ್ರ. ಒಳಗಿರುವ ಗಾಳಿ 50,000 ಘನ ಮೀಟರ್, ತೂಕದಲ್ಲಿ ಸುಮಾರು 60 ಟನ್. ಹೊರಗೆ ಸೊನ್ನೆ ಡಿಗ್ರಿ, ಒಳಗೆ 15 ಬೇಕು. ಅಷ್ಟೂ ಗಾಳಿಯನ್ನು ಒಮ್ಮೆ 15 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು 250 ಯೂನಿಟ್ ಶಕ್ತಿ ಮಾತ್ರ. ಇಷ್ಟು ದೊಡ್ಡ ಕಟ್ಟಡಕ್ಕೆ ಇದು ಅಷ್ಟೇನೂ ಹೆಚ್ಚಲ್ಲ.

ಈಗ ಮೂರು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಒಂದೇ ಒಂದು ಲೋಡಿಂಗ್ ಬಾಗಿಲು ತೆರೆದಿದೆ. ಎದುರುಗೋಡೆಯಲ್ಲೂ ಅಂಥದೇ ಒಂದು ತೆರೆದಿದೆ. ಗಾಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹಾದುಹೋಗುತ್ತಿದೆ. ಇದು ಗಾಳಿಯೆಂದು ಯಾರೂ ಲೆಕ್ಕಕ್ಕೆ ಹಿಡಿಯದ ಗಾಳಿ. ಹೊಗೆಯ ಎಳೆ ಒಂದಿಷ್ಟು ವಾಲುತ್ತದೆ, ಮರದ ಎಲೆ ಅಲುಗುವುದಿಲ್ಲ. ಆದರೂ ಪ್ರತಿ ಸೆಕೆಂಡಿಗೆ ಒಂಬತ್ತು ಘನ ಮೀಟರ್ ತಣ್ಣನೆಯ ಗಾಳಿ ಒಳಬಂದು, ಅಷ್ಟೇ ಬಿಸಿಗಾಳಿ ಹೊರಹೋಗುತ್ತದೆ. ಆ ನಷ್ಟ ತುಂಬಲು ಬೇಕಾಗುವುದು 162 ಕಿಲೋವಾಟ್. ನಮ್ಮ ಬಚ್ಚಲುಮನೆಯ ಎರಡು ಕಿಲೋವಾಟ್ ಗೀಸರ್‌ಗಳು ಎಂಬತ್ತೊಂದನ್ನು ಒಟ್ಟಿಗೆ ಹಾಕಿ, ಬಿಸಿಯನ್ನೆಲ್ಲ ಬೀದಿಗೆ ಸುರಿದ ಹಾಗೆ. ಒಂದೂವರೆ ಗಂಟೆ ಹೀಗೇ ಬಿಟ್ಟರೆ ಇಡೀ ಕಟ್ಟಡದ ಗಾಳಿಯ ಬಿಸಿಗೆ ಸಮನಾದಷ್ಟು ಶಕ್ತಿ ಬಾಗಿಲು ದಾಟಿರುತ್ತದೆ.

ಹಾಗಾದರೆ ಬಾಗಿಲು ತೆರೆದು ಮುಚ್ಚಿದ ಹತ್ತು ನಿಮಿಷಕ್ಕೆ ಒಳಗೆ ಮತ್ತೆ ಬೆಚ್ಚಗಾಗುವುದು ಹೇಗೆ? ಅದಕ್ಕೆ ಕಾರಣ ಕಾಲಡಿಯ ನೆಲ. ಅದೇ ಗೋದಾಮಿನ 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲವನ್ನು ಸೊನ್ನೆಯಿಂದ 15 ಡಿಗ್ರಿಗೆ ಏರಿಸಲು ಎಂಟು ಸಾವಿರ ಯೂನಿಟ್‌ಗೂ ಹೆಚ್ಚು ಬೇಕು, ಗಾಳಿಗೆ ಬೇಕಾದದ್ದರ ಮೂವತ್ತು ಪಟ್ಟಿಗಿಂತ ಜಾಸ್ತಿ. ರ‍್ಯಾಕುಗಳ ಉಕ್ಕು, ಪೇರಿಸಿಟ್ಟ ಸರಕು ಇದರ ಮೇಲೆ. ಗೋದಾಮಿನ ನಿಜವಾದ ಬಿಸಿಯ ದಾಸ್ತಾನು ಇವುಗಳಲ್ಲಿದೆ. ಶುಕ್ರವಾರ ಸಂಜೆ ಹೀಟರ್ ಪೂರ್ತಿ ಆರಿಸಿ ಹೋದವರಿಗೆ ಸೋಮವಾರ ಬೆಳಿಗ್ಗೆ ಕೈಕೊಡುವುದೂ ಇದೇ ನೆಲ. ಗಾಳಿ ಬೇಗ ಬಿಸಿಯಾಗುತ್ತದೆ, ನೆಲ ಮಧ್ಯಾಹ್ನ ದಾಟಿದರೂ ಪಾದ ಕೊರೆಯುತ್ತಿರುತ್ತದೆ. ರಜಾದಿನಗಳಲ್ಲಿ ಹೀಟರ್ ನಿಲ್ಲಿಸದೆ, ಕೆಲವು ಡಿಗ್ರಿ ತಗ್ಗಿಸಿ ಓಡಿಸುವುದು ಅದಕ್ಕಾಗಿ.

ಮತ್ತೆ ಬಾಗಿಲಿಗೆ ಬರೋಣ, ಯಾಕೆಂದರೆ ಉಳಿತಾಯದ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಲಾರಿ ಹಿಂದಕ್ಕೆ ಬಂದು ನಿಲ್ಲುವ ಕಟ್ಟೆಯನ್ನು ಅಲ್ಲಿಯ ಭಾಷೆಯಲ್ಲಿ ‘ಡಾಕ್’ ಎನ್ನುತ್ತಾರೆ. ಬಾಗಿಲಿನ ಮೂರೂ ಬದಿಗೆ ದಪ್ಪ ಫೋಮಿನ ದಿಂಬುಗಳನ್ನು ಕೂರಿಸಿದರೆ ಲಾರಿಯ ಹಿಂಭಾಗ ಅವುಗಳನ್ನು ಒತ್ತಿಕೊಂಡು ನಿಲ್ಲುತ್ತದೆ, ಸಂದು ಮುಚ್ಚುತ್ತದೆ. ಬೇರೆ ಬೇರೆ ಅಳತೆಯ ಲಾರಿಗಳು ಬರುವ ಕಡೆ ದಿಂಬಿನ ಬದಲು ಜೋತುಬಿದ್ದ ರಬ್ಬರ್ ಪರದೆಯ ಚೌಕಟ್ಟು ಹಾಕುತ್ತಾರೆ. ಕೆಳಗೆ, ಲಾರಿಗೂ ಕಟ್ಟೆಗೂ ಸೇತುವೆಯಾಗುವ ಲೆವೆಲರ್ ಎಂಬ ಉಕ್ಕಿನ ಹಲಗೆ ಇರುತ್ತದೆ. ಎಲ್ಲರೂ ಮರೆಯುವ ಜಾಗ ಇದೇ. ಫೋರ್ಕ್‌ಲಿಫ್ಟ್ ಹತ್ತಿ ಇಳಿಯುವಂತೆ ಹಲಗೆ ಮೇಲೆ ಕೆಳಗೆ ಆಡಬೇಕು, ಹಾಗಾಗಿ ಅದರ ಎರಡೂ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು. ಅಡಿಯಲ್ಲಿರುವ ಗುಂಡಿ ನೇರ ಹೊರಗಿನ ಗಾಳಿಗೆ ತೆರೆದುಕೊಂಡಿರುತ್ತದೆ.

ಇದನ್ನು ಕಂಡುಹಿಡಿಯಲು ಯಂತ್ರ ಬೇಕಿಲ್ಲ. ಹಗಲು ಹೊತ್ತು, ಎಲ್ಲ ಬಾಗಿಲು ಮುಚ್ಚಿ, ದೀಪ ಆರಿಸಿ ಒಳಗೆ ಎರಡು ನಿಮಿಷ ನಿಂತರೆ ಸಾಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದಂತೆ ಬಾಗಿಲ ಬುಡದಲ್ಲಿ, ಲೆವೆಲರ್ ಅಂಚಿನಲ್ಲಿ, ಗೋಡೆಯ ತಗಡು ಚಾವಣಿಗೆ ಕೂಡುವ ಮೂಲೆಯಲ್ಲಿ ಬೆಳಕಿನ ಗೆರೆಗಳು ಒಂದೊಂದಾಗಿ ಮೂಡುತ್ತವೆ. ಬೆಳಕು ಬರುವ ಕಡೆಯೆಲ್ಲ ಗಾಳಿಯೂ ಬರುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಬ್ರಷ್‌ನಂಥ ನಾರಿನ ಪಟ್ಟಿ, ರಬ್ಬರ್ ಪಟ್ಟಿಗಳನ್ನು ಕೂರಿಸುತ್ತ ಹೋಗಬಹುದು. ಲಕ್ಷಗಟ್ಟಲೆ ಸುರಿದು ತರುವ ಹೊಸ ಹೀಟರಿಗಿಂತ ಈ ಪಟ್ಟಿಗಳು ಮೊದಲು ದುಡ್ಡು ಹಿಂತಿರುಗಿಸುತ್ತವೆ.

ಫೋರ್ಕ್‌ಲಿಫ್ಟ್ ಓಡಾಡುವ ದೊಡ್ಡ ಬಾಗಿಲುಗಳಿಗೆ ಈಗ ವೇಗವಾಗಿ ಸುತ್ತಿಕೊಳ್ಳುವ ಬಟ್ಟೆಯ ಬಾಗಿಲು ಬಂದಿವೆ. ಗಾಡಿ ಹತ್ತಿರ ಬರುತ್ತಿದ್ದಂತೆ ಸರ‍್ರನೆ ಮೇಲೇರಿ, ದಾಟಿದ ಕೂಡಲೇ ಇಳಿಯುತ್ತವೆ. ಬಾಗಿಲು ತೆರೆದಿರುವಷ್ಟು ಹೊತ್ತು ಪಕ್ಕದ ಹೀಟರ್ ತಾನಾಗಿ ನಿಲ್ಲುವಂತೆ ತಂತಿ ಜೋಡಿಸುವುದೂ ಉಂಟು. ಅತ್ತ ಬಿಸಿ ಸೋರುತ್ತಿರುವಾಗ ಇತ್ತ ಗ್ಯಾಸು ಸುಡುವುದು ಇದರಿಂದ ತಪ್ಪುತ್ತದೆ. ಜನ ಓಡಾಡುವ ದಾರಿಗೆ ತಿರುಗುಬಾಗಿಲು ಚೆನ್ನ. ಫಿಲಡೆಲ್ಫಿಯಾದ ಥಿಯೋಫಿಲಸ್ ವ್ಯಾನ್ ಕ್ಯಾನಲ್ 1888ರಲ್ಲಿ ಅದರ ಪೇಟೆಂಟ್ ಪಡೆದದ್ದೇ ಬಿರುಗಾಳಿ, ಮಳೆ, ಹಿಮ ಒಳನುಗ್ಗದಂತೆ ತಡೆಯುವ ಬಾಗಿಲು ಎಂದು.

ಬಾಗಿಲು ಸರಿಹೋದ ಮೇಲೆ ತಲೆಯೆತ್ತಿ ಚಾವಣಿ ನೋಡಬೇಕು.

ಬಿಸಿಗಾಳಿ ಹಗುರ, ಅದು ಮೇಲೇರುತ್ತದೆ. ಎತ್ತರದ ಕಟ್ಟಡದಲ್ಲಿ ಮೀಟರಿಗೆ ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯವರೆಗೂ ಏರಿಕೆ ಕಾಣುವುದು ಸಾಮಾನ್ಯ. ನೆಲದ ಹತ್ತಿರ 15 ಡಿಗ್ರಿ ಇರುವಾಗ ಹತ್ತು ಮೀಟರ್ ಮೇಲೆ 25 ಇರಬಹುದು. ಅಲ್ಲಿ ಇರುವವರು ಯಾರು? ಉಕ್ಕಿನ ತೊಲೆಗಳು, ವಿದ್ಯುತ್ ದೀಪಗಳು. ಚಾವಣಿಯ ಆಚೆ ಸೊನ್ನೆ ಇದ್ದರೆ, 15ರ ಬದಲು 25 ಡಿಗ್ರಿಯ ಅಂತರಕ್ಕೆ ಬಿಸಿ ಸೋರುತ್ತದೆ, ಅಂದರೆ ಮೂರನೇ ಎರಡರಷ್ಟು ಹೆಚ್ಚು ನಷ್ಟ. ಕೆಳಗಿನ ಕೆಲಸಗಾರನಿಗೆ ಚಳಿ, ಮೇಲಿನ ತಗಡಿಗೆ ಬೆಚ್ಚಗೆ, ಮಾಲೀಕನಿಗೆ ಬಿಲ್ಲು.

ಮದ್ದು ಸರಳವಾಗಿದೆ: ಮೇಲಿನ ಗಾಳಿಯನ್ನು ನಿಧಾನವಾಗಿ ಕೆಳಗೆ ತರುವುದು. ಇದಕ್ಕೆ ಬಳಸುವ ದೈತ್ಯ ಫ್ಯಾನುಗಳು ಹುಟ್ಟಿದ್ದು ಚಳಿಗಾಗಿ ಅಲ್ಲ, ಗೋದಾಮಿಗಾಗಿಯೂ ಅಲ್ಲ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಾಲ್ಟರ್ ಬಾಯ್ಡ್ ಸೆಕೆಗೆ ಬಳಲುವ ಹಾಲಿನ ಹಸುಗಳನ್ನು ತಂಪಾಗಿಡಲು ಇವನ್ನು ರೂಪಿಸಿದರು. ರೆಕ್ಕೆಗಳ ಹರವು 24 ಅಡಿಯವರೆಗೂ ಇರುತ್ತದೆ. ಚಿಕ್ಕ ಫ್ಯಾನು ಗಿರ‍್ರನೆ ತಿರುಗಿ ಗಾಳಿಯನ್ನು ಬಾಣದಂತೆ ಬಿಟ್ಟರೆ, ಇವು ತೂಕಡಿಸುವಂತೆ ತಿರುಗುತ್ತ ದೊಡ್ಡ ಗಾಳಿಯ ಕಂಬವೊಂದನ್ನು ನೆಲಕ್ಕೆ ಇಳಿಸಿ ಸುತ್ತಲೂ ಹರಡುತ್ತವೆ. ಚಳಿಗಾಲದಲ್ಲಿ ವೇಗ ಇನ್ನೂ ತಗ್ಗಿಸುತ್ತಾರೆ ಅಥವಾ ತಿರುಗುವ ದಿಕ್ಕು ಬದಲಿಸುತ್ತಾರೆ, ಮೈಗೆ ಗಾಳಿ ತಗುಲಿ ನಡುಕ ಹುಟ್ಟಬಾರದಲ್ಲ. ಫ್ಯಾನಿನ ವೇಗ ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಚಳಿಗಾಲದಲ್ಲಿ ಇದರ ಕರೆಂಟು ಖರ್ಚು ತೀರ ಕಡಿಮೆ, ಉಳಿಯುವ ಬಿಸಿ ಬಹಳ. ಬೇಸಿಗೆಯ ಸೆಕೆಗೆ ನೆಲಮಂಗಲ, ಹೊಸಕೋಟೆಗಳಂಥ ಕಡೆಯ ಗೋದಾಮುಗಳಿಗೂ ಒಗ್ಗುವುದು ಈ ಜಾತಿಯ ಫ್ಯಾನೇ.

ಹಳೆಯ ಗೋದಾಮುಗಳಲ್ಲಿ ಫ್ಯಾನಿಗಿಂತ ದೊಡ್ಡ ತಾಪತ್ರಯ ತಗಡಿನದೇ. ಒಂಟಿ ತಗಡಿನ ಚಾವಣಿ ಚದರ ಮೀಟರಿಗೆ, ಒಂದು ಡಿಗ್ರಿ ಅಂತರಕ್ಕೆ, ಸುಮಾರು ಆರು ವಾಟ್ ಬಿಸಿ ಬಿಟ್ಟುಕೊಡುತ್ತದೆ. ನಮ್ಮ ಲೆಕ್ಕದ ಗೋದಾಮಿಗೆ ಅದು 450 ಕಿಲೋವಾಟ್. ಎರಡು ತಗಡುಗಳ ನಡುವೆ ನಿರೋಧಕ ತುಂಬಿದ ಈಗಿನ ಒಳ್ಳೆಯ ಸ್ಯಾಂಡ್‌ವಿಚ್ ಪ್ಯಾನಲ್ ಹಾಕಿದರೆ 15 ಕಿಲೋವಾಟಿನ ಆಸುಪಾಸಿಗೆ ಬರುತ್ತದೆ. ಆದರೆ ಒಳಗೆ ಏನು ತುಂಬಿದ್ದಾರೆ ಎನ್ನುವುದನ್ನು ಕೇಳಿಯೇ ಕೊಳ್ಳಬೇಕು. 1993ರಲ್ಲಿ ಇಂಗ್ಲೆಂಡಿನ ಹೆರೆಫರ್ಡ್‌ನ ಸನ್ ವ್ಯಾಲಿ ಕೋಳಿಮಾಂಸ ಕಾರ್ಖಾನೆಗೆ ಬೆಂಕಿ ಬಿದ್ದಾಗ ಇಂಥ ಪ್ಯಾನಲ್‌ಗಳೊಳಗಿನ ಸುಡುವ ಫೋಮಿನ ಮೂಲಕ ಬೆಂಕಿ ಹಬ್ಬಿತು, ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕಲ್ಲುನಾರಿನಂಥ ಸುಡದ ನಿರೋಧಕಕ್ಕೆ ಬೆಲೆ ಜಾಸ್ತಿ, ತೂಕ ಜಾಸ್ತಿ. ಜನ ಕೆಲಸ ಮಾಡುವ ಕಟ್ಟಡದಲ್ಲಿ ಆ ಬೆಲೆ ತೆರುವುದು ನ್ಯಾಯ.

ಬಾಗಿಲು, ಚಾವಣಿ, ಫ್ಯಾನು ಆದ ಮೇಲಷ್ಟೇ ಹೀಟರಿನ ಮಾತು. ಅಲ್ಲೂ ಮೊದಲು ಕೇಳಬೇಕಾದದ್ದು: ಬಿಸಿ ಬೇಕಾಗಿರುವುದು ಯಾರಿಗೆ, ಯಾವುದಕ್ಕೆ?

ಸರಕಿಗೇ ಬೇಕಿರಬಹುದು. ನೀರು ಬೆರೆಸಿದ ಬಣ್ಣ ಒಮ್ಮೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಇನ್ಸುಲಿನ್ ಹೆಪ್ಪುಗಟ್ಟಿದರೆ ಬಿಸಾಡಬೇಕು. ಸರಕು ಬಟ್ಟೆಬರೆಯೇ ಆಗಿದ್ದರೂ ಚಾವಣಿಯಡಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಕೊಳವೆಗಳಲ್ಲಿ ನೀರು ತುಂಬಿರುತ್ತದೆ. ನೀರು ಹೆಪ್ಪುಗಟ್ಟಿದರೆ ಗಾತ್ರದಲ್ಲಿ ಶೇ 9ರಷ್ಟು ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಅಮೆರಿಕದ ಎನ್‌ಎಫ್‌ಪಿಎ 13 ಮಾನದಂಡ ಅಂಥ ಕೊಳವೆಯಿರುವ ಜಾಗ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 4.4 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಎನ್ನುತ್ತದೆ. ಅಷ್ಟೂ ಬಿಸಿ ಕೊಡಲಾಗದ ಕಡೆ ಕೊಳವೆಯಲ್ಲಿ ನೀರಿನ ಬದಲು ಒತ್ತಡದ ಗಾಳಿ ತುಂಬಿಟ್ಟು, ಬೆಂಕಿ ಬಿದ್ದಾಗ ನೀರು ನುಗ್ಗುವ ಏರ್ಪಾಟು ಮಾಡುತ್ತಾರೆ.

ಮನುಷ್ಯರಿಗೆ ಬೇಕಿದ್ದರೆ ಇಡೀ ಗಾಳಿಯನ್ನು ಕಾಯಿಸುವ ಬದಲು ಮನುಷ್ಯರನ್ನೇ ಕಾಯಿಸುವ ದಾರಿಯಿದೆ. ಬಿಸಿಲಿಗೆ ಮೈಯೊಡ್ಡಿ ನಿಂತವರಿಗೆ ತಣ್ಣನೆಯ ಗಾಳಿಯಲ್ಲೂ ಹಿತವೆನಿಸುವುದು ಕಿರಣಗಳ ಬಿಸಿ ನೇರ ಮೈಗೆ ತಾಗುವುದರಿಂದ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಕಿರಣಗಳಿವೆಯೆಂದು ವಿಲಿಯಂ ಹರ್ಷೆಲ್ ಬ್ರಿಟನ್ನಿನಲ್ಲಿ ತೋರಿಸಿದ್ದು 1800ರಲ್ಲಿ. ಗೋದಾಮಿನಲ್ಲಿ ಇದಕ್ಕೆ ಚಾವಣಿಯಿಂದ ಉದ್ದನೆಯ ಉಕ್ಕಿನ ಕೊಳವೆಗಳನ್ನು ಇಳಿಬಿಡುತ್ತಾರೆ. ಒಂದು ತುದಿಯಲ್ಲಿ ಗ್ಯಾಸ್ ಒಲೆ, ಮೇಲೆ ಹೊಳೆಯುವ ತಗಡಿನ ಮುಚ್ಚಿಗೆ. ಕೊಳವೆ ಕಾದು ಕಿರಣ ಸೂಸುತ್ತದೆ; ಅದು ದಾರಿಯ ಗಾಳಿಯನ್ನು ಹೆಚ್ಚೇನೂ ಕಾಯಿಸದೆ ಕೆಳಗಿನ ನೆಲ, ಮೇಜು, ಕೈ, ಬೆನ್ನುಗಳನ್ನು ಮುಟ್ಟುತ್ತದೆ. ಬಾಗಿಲು ತೆರೆದಾಗ ಗಾಳಿ ಹೋದರೂ ನೆಲದ ಬಿಸಿ ಹೋಗುವುದಿಲ್ಲ. ಡಾಕ್ ಹತ್ತಿರದ ಜಾಗಕ್ಕೆ, ದೂರ ದೂರದ ಪ್ಯಾಕಿಂಗ್ ಮೇಜುಗಳಿಗೆ ಇದಕ್ಕಿಂತ ಒಪ್ಪುವ ಉಪಾಯ ಇಲ್ಲ. ಎತ್ತರದ ರ‍್ಯಾಕುಗಳ ಸಾಲುಗಳ ನಡುವೆ ಮಾತ್ರ ಇದು ಅಷ್ಟು ಒಗ್ಗದು: ಪಕ್ಕದ ಸರಕೇ ಕಿರಣಕ್ಕೆ ಅಡ್ಡ ನಿಲ್ಲುತ್ತದೆ, ತೀರ ಹತ್ತಿರವಾದರೆ ರಟ್ಟಿನ ಡಬ್ಬಗಳಿಗೆ ಬೆಂಕಿಯ ಭಯವೂ ಇದೆ.

ಬಿಸಿಲನ್ನೇ ನೇರ ಹಿಡಿದವರೂ ಇದ್ದಾರೆ. ಕೆನಡಾದಲ್ಲಿ ಬೆಳೆದ ‘ಸೋಲಾರ್‌ವಾಲ್’ ಎಂಬ ಕ್ರಮದಲ್ಲಿ ಕಟ್ಟಡದ ದಕ್ಷಿಣ ಗೋಡೆಗೆ ಗಾಢ ಬಣ್ಣದ, ಮೈತುಂಬ ಸಣ್ಣ ರಂಧ್ರಗಳಿರುವ ತಗಡಿನ ಹೊದಿಕೆ ಹಾಕುತ್ತಾರೆ. ತಗಡಿಗೂ ಗೋಡೆಗೂ ನಡುವೆ ಒಂದಿಷ್ಟು ಖಾಲಿ ಜಾಗ. ಬಿಸಿಲಿಗೆ ತಗಡು ಕಾದಾಗ ಅದರ ಮೈಗೆ ಅಂಟಿದ ಗಾಳಿಯ ತೆಳು ಪದರವೂ ಕಾಯುತ್ತದೆ. ಬೀಸುಗಾಳಿ ಅದನ್ನು ಒಯ್ಯುವ ಮೊದಲೇ ಒಳಗಿನ ಫ್ಯಾನು ಆ ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ಗಾಜಿಲ್ಲ, ನೀರಿಲ್ಲ, ಕೊಳವೆಯಿಲ್ಲ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಕೊಲರಾಡೊದ ಗೋಲ್ಡನ್‌ನಲ್ಲಿರುವ ತನ್ನದೇ ರಾಸಾಯನಿಕ ತ್ಯಾಜ್ಯದ ಉಗ್ರಾಣಕ್ಕೆ ಇದನ್ನು ಅಳವಡಿಸಿ ನೋಡಿತು. ರಾಸಾಯನಿಕಗಳ ಕಾರಣಕ್ಕೆ ಸದಾ ಹೊರಗಿನ ಗಾಳಿ ಆಡುತ್ತಿರಬೇಕಾದ ಅಂಥ ಕೋಣೆಗೆ ಇದು ಹೇಳಿಮಾಡಿಸಿದಂತಿತ್ತು. ಇಂಗ್ಲೆಂಡಿನ ಕ್ಯಾಸಲ್ ಡಾನಿಂಗ್ಟನ್‌ನಲ್ಲಿ 2013ರಲ್ಲಿ ತೆರೆದ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿಯ ಒಂಬತ್ತು ಲಕ್ಷ ಚದರ ಅಡಿಯ ವಿತರಣಾ ಕೇಂದ್ರಕ್ಕೂ ಇಂಥ ಗೋಡೆಯಿದೆ. ರಾತ್ರಿ ಇದು ಸುಮ್ಮನಿರುತ್ತದೆ, ಮೋಡದ ದಿನ ಅರೆಬರೆ ಕೆಲಸ. ಆದರೂ ಗೋಡೆಗೆ ಹೇಗೂ ಒಂದು ಹೊದಿಕೆ ಬೇಕೇ ಬೇಕು. ಹೊಸದಾಗಿ ಕಟ್ಟುವವರು ಆ ಹೊದಿಕೆಯನ್ನೇ ಹೀಟರ್ ಮಾಡಿಕೊಳ್ಳುವುದನ್ನು ಯೋಚಿಸಲೇಬೇಕು.

ಇಷ್ಟೆಲ್ಲ ಸಂದುಗಳನ್ನು ಮುಚ್ಚುವಾಗ ಒಂದು ಅಪಾಯವನ್ನು ನೆನಪಿಡಬೇಕು. ಗ್ಯಾಸಿನಲ್ಲಿ ಓಡುವ ಫೋರ್ಕ್‌ಲಿಫ್ಟ್‌ಗಳು ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ. ವಾಸನೆಯಿಲ್ಲದ ಈ ವಿಷಗಾಳಿ ಬೇಸಿಗೆಯಲ್ಲಿ ತೆರೆದ ಬಾಗಿಲಿನಿಂದ ಹೊರಹೋಗುತ್ತಿತ್ತು, ಬಾಗಿಲು ಬಿಗಿಯಾಗಿ ಮುಚ್ಚಿದ ಚಳಿಗಾಲದಲ್ಲಿ ಒಳಗೇ ಸೇರಿಕೊಳ್ಳುತ್ತದೆ. ತಲೆನೋವು, ತಲೆಸುತ್ತು ಬಂದ ಕೆಲಸಗಾರ ಅದನ್ನು ಶೀತವೆಂದೇ ತಿಳಿದುಕೊಳ್ಳಬಹುದು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಮಾಡುವ ಜಾಗದಲ್ಲಿ ಹೈಡ್ರೋಜನ್ ಹೊರಬೀಳುತ್ತದೆ, ಅಲ್ಲಿ ಗಾಳಿ ಆಡದಿದ್ದರೆ ಸ್ಫೋಟದ ಭಯ. ಸೋರುವ ಗಾಳಿಯನ್ನು ನಿಲ್ಲಿಸಿದವರು ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಲೆಕ್ಕ ಹಾಕಿ ಒಳಗೆ ತರಬೇಕು. ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರಗಳಿವೆ, ಅವು ಈ ಖರ್ಚನ್ನು ತಗ್ಗಿಸುತ್ತವೆ.

ಕರ್ನಾಟಕದಲ್ಲಿ ಗೋದಾಮು ಕಾಯಿಸುವ ಪ್ರಮೇಯ ಬರುವುದಿಲ್ಲ. ನಮ್ಮದು ಇದೇ ಲೆಕ್ಕದ ಮಗುಚು ರೂಪ. ಬ್ಯಾಡಗಿ ಸುತ್ತಮುತ್ತಲ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿಯ ಬಣ್ಣ ಕೆಡದಂತೆ ತಂಪು ಕಾಯುವವರಿಗೂ ಬಾಗಿಲೇ ಮೊದಲ ಶತ್ರು. ಅಲ್ಲಿ ಸೋರುವುದು ತಂಪು, ಒಳನುಗ್ಗುವುದು ಏಪ್ರಿಲ್ ತಿಂಗಳ ಧಗೆ. ಸಂದಿಗೆ ರಬ್ಬರ್ ಪಟ್ಟಿ, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಗೋಡೆಗೆ ದಪ್ಪ ನಿರೋಧಕ, ಎಲ್ಲವೂ ಇಲ್ಲಿಗೂ ಅನ್ವಯ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಐಸ್‌ಕ್ರೀಮು, ಮೀನು ಇಡುವ ಉಗ್ರಾಣಗಳಲ್ಲಿ ಇನ್ನೊಂದು ಸೋಜಿಗವಿದೆ: ಅಲ್ಲಿ ನೆಲದಡಿಗೆ ಬಿಸಿ ಕೊಡಬೇಕು. ಕೊಡದಿದ್ದರೆ ತಂಪು ಇಳಿಯುತ್ತ ಇಳಿಯುತ್ತ ಮಣ್ಣಿನ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕಾಂಕ್ರೀಟ್ ನೆಲವನ್ನೇ ಎತ್ತಿ ಸೀಳುತ್ತದೆ. ತಂಪು ಮಾಡುವ ಯಂತ್ರ ಹೊರಗೆಸೆಯುವ ಬಿಸಿಯನ್ನೇ ಕೊಳವೆಯಲ್ಲಿ ಹರಿಸಿ ಇದನ್ನು ತಡೆಯುತ್ತಾರೆ. ಅದೇ ಬಿಸಿಯಲ್ಲಿ ಪಕ್ಕದ ಕಚೇರಿಯನ್ನೂ ಬೆಚ್ಚಗಿಡಬಹುದು.

ಉಳಿದಿರುವುದು ಕೆಲಸಗಾರರ ಪ್ರಶ್ನೆ. ಬ್ರಿಟನ್ನಿನ 1992ರ ಕೆಲಸದ ಸ್ಥಳಗಳ ನಿಯಮಾವಳಿ ಒಳಗಿನ ಉಷ್ಣಾಂಶ ‘ಸಮಂಜಸ’ ಆಗಿರಬೇಕು ಎಂದಷ್ಟೇ ಹೇಳುತ್ತದೆ. ಅದರ ಜೊತೆಗಿನ ಅನುಮೋದಿತ ಸಂಹಿತೆ ಸಾಮಾನ್ಯವಾಗಿ ಕನಿಷ್ಠ 16 ಡಿಗ್ರಿ, ಮೈಮುರಿಯುವ ಕೆಲಸವಿದ್ದರೆ 13 ಡಿಗ್ರಿ ಎಂದು ಸೂಚಿಸುತ್ತದೆ. ಜರ್ಮನಿಯ ನಿಯಮ ಇನ್ನೂ ಬಿಡಿಬಿಡಿಯಾಗಿದೆ: ಕೂತು ಮಾಡುವ ಹಗುರ ಕೆಲಸಕ್ಕೆ 20, ಭಾರದ ಕೆಲಸಕ್ಕೆ 12. ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಏರಿದ 2022ರ ಚಳಿಗಾಲಕ್ಕೆ ಜರ್ಮನಿ ಸರ್ಕಾರಿ ಕಚೇರಿಗಳಿಗೇ 19 ಡಿಗ್ರಿಯ ಗರಿಷ್ಠ ಮಿತಿ ಹಾಕಿತು.

ಗೋದಾಮಿನ ಮಟ್ಟಿಗೆ ಈ ಅಂಕಿಗಳನ್ನು ಒಂದೇ ಗುಂಡಿಯಿಂದ ಪಾಲಿಸಲು ಹೋದರೆ ತೊಂದರೆ. ರ‍್ಯಾಕುಗಳ ನಡುವೆ ಸರಕು ಹುಡುಕುತ್ತ ಇಡೀ ಪಾಳಿ ನಡೆಯುವವರಿಗೆ 13 ಡಿಗ್ರಿ ಸಹ್ಯ, ಕೆಲವರಿಗೆ ಹಿತವೇ. ಅದೇ 13ರಲ್ಲಿ ಮೇಜಿನ ಮುಂದೆ ನಿಂತಲ್ಲೇ ನಿಂತು ಚೀಟಿ ಅಂಟಿಸುವವರ ಬೆರಳು ಸೆಡೆಯುತ್ತವೆ. ಬೆರಳ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗೆ ತಣ್ಣಗಾದರೆ ನಾಜೂಕಿನ ಕೆಲಸಕ್ಕೆ ಕೈ ಬಗ್ಗುವುದಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವವರು ನಡೆಯುವುದೂ ಇಲ್ಲ, ಗಾಳಿಗೆ ಎದುರಾಗಿ ಕೂತಿರುತ್ತಾರೆ. ಥರ್ಮಾಸ್ಟಾಟ್ ಎಲ್ಲಿದೆ ಎನ್ನುವುದರ ಮೇಲೆ ಇವರೆಲ್ಲರ ದಿನ ನಿಂತಿದೆ. ಅದು ಡಾಕ್ ಬಾಗಿಲ ಪಕ್ಕದ ಗೋಡೆಯಲ್ಲಿದ್ದರೆ ಪ್ರತಿ ಲಾರಿಗೂ ಬೆದರಿ ಇಡೀ ಗೋದಾಮಿನ ಹೀಟರುಗಳನ್ನು ಎಬ್ಬಿಸುತ್ತದೆ. ಮೇಲ್ವಿಚಾರಕರ ಬೆಚ್ಚನೆಯ ಕೋಣೆಯಲ್ಲಿದ್ದರೆ ಯಾರಿಗೆ ಚಳಿಯಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಪ್ಯಾಕಿಂಗ್ ಮೇಜುಗಳನ್ನು ಬಾಗಿಲಿಂದ ದೂರದ ಮೂಲೆಗೆ ಸರಿಸಿ, ಅವುಗಳ ಮೇಲೆ ಕಿರಣದ ಹೀಟರ್ ತೂಗಿಸಿ, ಥರ್ಮಾಸ್ಟಾಟನ್ನು ಅದೇ ಮೇಜಿನ ಎತ್ತರಕ್ಕೆ ತಂದು ಕೂರಿಸಲು ಎಲೆಕ್ಟ್ರಿಷಿಯನ್‌ಗೆ ಹೆಚ್ಚೆಂದರೆ ಕೆಲವು ದಿನಗಳ ಕೆಲಸ.